ಬಾಣಂತಿಗೆ ನೀರು

ಆ ವರ್ಷ ಮರುವಕುಂಟೆ ಊರಿನ ಮುಂದೆ ಬಂದು ನಿಂತದ್ದು ಸಾಮಾನ್ಯ ಪ್ರಶ್ನೆಯಲ್ಲ: ಹುಣಸೆಮರಕ್ಕೆ ಕಟ್ಟುವ ರವಿಕೆ ಕಣ ಹಸಿರಿನದೋ, ಹಳದಿಯದೋ? ಊರಿನ ಹಿರಿಯರು ಎರಡು ಸಂಜೆ ಕೂತರು. ಮಗ್ಗದ ಶಂಕರಯ್ಯ ಹಸಿರಿನ ಪರವಾಗಿ ಶಾಸ್ತ್ರ, ಪುರಾಣ ಎಲ್ಲ ಹೇಳಿ, ಕೊನೆಗೆ ತನ್ನ ಮನೆಯಲ್ಲಿ ಹಸಿರು ತುಂಡೊಂದು ಮಿಕ್ಕಿದೆ ಎಂದ. ಹಸಿರೇ ಗೆದ್ದಿತು.

ಮರ ರಾಮಾಂಜಿನಮ್ಮನ ಹಿತ್ತಲಿನದು. ಸಂಕ್ರಾಂತಿ ಕಳೆದ ಮೇಲೆ ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟಲು ಬರುತ್ತವೆ. ಊರಿನ ಪಾಲಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು; ಮರಕ್ಕೆ ಕಟ್ಟುವ ರವಿಕೆ ಕಣ ಅವರಿಗೇ. ಅವು ಇರುವಷ್ಟು ಕಾಲ ಹುಣಸೆ ಬಡಿಯುವಂತಿಲ್ಲ, ಪಟಾಕಿ ಹೊಡೆಯುವಂತಿಲ್ಲ, ಹಿಕ್ಕೆ ತಲೆ ಮೇಲೆ ಬಿದ್ದರೂ ಬೈಯುವಂತಿಲ್ಲ. ರಾಮಾಂಜಿನಮ್ಮನಿಗೆ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿರಲಿಲ್ಲ. ಊರಿಗೆ ನಂಬಿಕೆಯಾದದ್ದು ಅವಳಿಗೆ ಸಂಸಾರವಾಗಿತ್ತು.

ಈ ಸಲ ಹಕ್ಕಿಗಳು ಕಾವಿಗೆ ಕೂತಾಗ ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು. ಹಿಂದೊಮ್ಮೆ ಅಷ್ಟೇ ನೀರು ಬೇಸಿಗೆಗೆ ಬತ್ತಿ ಮರಿಗಳು ಸತ್ತಿದ್ದನ್ನು ಅವಳು ಮರೆತಿರಲಿಲ್ಲ. ಹಿಂದೂಪುರದ ಬಸ್ಸು ಹತ್ತಿ, ಕಾಲುವೆ ನೀರು ಬಿಡಿಸುವ ಇಂಜಿನಿಯರ್ ಆನಂದಕುಮಾರನ ಮೇಜಿನೆದುರು ಊಟವಿಲ್ಲದೆ ಕೂತಳು. ಅವನಿಗೂ ಸಾಕಾಗಿ, ಕೆರೆ ಅರ್ಧ ತುಂಬಿದರೆ ಸಾಕೋ, ಪೂರ್ತಿ ಬೇಕೋ ಎಂದು ತೆಲುಗಿನಲ್ಲಿ ಕೇಳಿದ.

"ಸಗಂ ಚಾಲಾಮ್ಮಾ, ನಿಂಡಾ ಕಾವಾಲಾ?"

"ಅರ್ಧ ಯಾಕಪ್ಪಾ? ಮನೆಗೆ ಬಂದ ಮಗಳಿಗೆ ಅರ್ಧ ಮುದ್ದೆ ಇಕ್ತಾರಾ? ತುಂಬ್ಸು, ಕೋಡಿ ಬೀಳ್ಲಿ."

ಕೆರೆ ಕೋಡಿ ಬಿತ್ತು. ಊರು ಅವಳಿಗೆ ಶಾಲು ಹೊದಿಸಿತು. ಕೆರೆಯ ಕೆಳಗೆ ಎಲ್ಲರೂ ಬತ್ತ ನಾಟಿ ಮಾಡಿದರು. ಮೊಟ್ಟೆ ಒಡೆದು ಮರಿಗಳಾದವು.

ಬಟ್ಟೆ ಒಗೆಯಲು ಹೋದ ಸೊಸೆ ತನುಜಾ ನಗುತ್ತ ಬಂದಳು. "ಅತ್ತೆ, ನಿಮ್ಮ ಹೆಣ್ಮಕ್ಳು ಏರಿ ಮೇಲೆ ಬಸ್ಸಿಗೆ ಕಾದಂಗೆ ನಿಂತವ್ರೆ."

ರಾಮಾಂಜಿನಮ್ಮ ಹೋಗಿ ನೋಡಿದಳು. ಕೊಕ್ಕರೆಯೊಂದು ನೀರಿಗೆ ಕಾಲಿಟ್ಟು, ಹೊಟ್ಟೆ ನೆನೆದೊಡನೆ ಹಿಂದೆ ಸರಿಯಿತು. ಇನ್ನೊಂದೂ ಹಾಗೇ ಮಾಡಿತು. ಈಜು ಬರುವ ಹಕ್ಕಿಯಲ್ಲ ಅದು. ಕಾಲು ನೆಲಕ್ಕೆ ಸಿಗುವ ನೀರಲ್ಲಿ ನಿಂತು, ಕೊಕ್ಕು ತೆರೆದು ತಡಕಾಡಿ ಮೀನು ಹಿಡಿಯುವಂಥದು. ನಲವತ್ತು ವರ್ಷ ದಿನಾ ನೋಡಿದ್ದಳು. ಗಮನಿಸಿರಲಿಲ್ಲ.

ವಿಷಯ ಕೇಳಿ ತನುಜಾಳ ನಗು ನಿಂತಿತು, ಬಾಯಿ ನಿಲ್ಲಲಿಲ್ಲ. "ನನ್ನ ಬಾಣಂತನದಾಗೆ ಎರಡು ಗುಟುಕು ಕೇಳಿದ್ರೆ, 'ಬಾಣಂತಿಗೆ ನೀರು ಆಗಬಾರ್ದು ಕಣಮ್ಮ, ಮಗೀಗೆ ಶೀತ' ಅಂತಿದ್ರಿ. ಇವ್ರಿಗೆ ಮಾತ್ರ ಕೆರೆನೇ ಕುಡಿಸ್ಬುಟ್ರಿ."

ಅತ್ತೆ ಎದ್ದಳು. ಸೀದಾ ನೀರುಗಂಟಿ ಕೇಶವಯ್ಯನ ಬಾಗಿಲಿಗೆ ಹೋದಳು.

"ಕೆರೆ ತೂಬು ಪೂರಾ ಎತ್ತಪ್ಪಾ. ನೀರು ಇಳೀಲಿ."

"ಎತ್ತಿದ್ರೆ ನಾಟಿಯೆಲ್ಲ ಕೊಚ್ಕೊಂಡು ಹೋಯ್ತದೆ ಕಣಕ್ಕ. ನಿಂಗೆ ಶಾಲು ಹೊದಿಸಿದ ಜನಾನೇ ನಂಗೆ ದೊಣ್ಣೆ ತತ್ತಾರೆ. ಬತ್ತ ಕುಯ್ಯೋಗಂಟ ಆ ಮಾತೇ ಬ್ಯಾಡ."

ಹಿಂದೂಪುರದ ಸಂತೆಯಿಂದ ಸಣ್ಣ ಮೀನು ತಂದು ಮರದಡಿ ಸುರಿದಳು. ಕೊಕ್ಕರೆಗಳು ಇಳಿಯಲಿಲ್ಲ. ಊರ ನಾಯಿಗಳು ಮಾತ್ರ ದುಂಡಗಾದವು. ದೊಡ್ಡ ಹಕ್ಕಿಗಳು ದೂರದ ಕೆರೆಗಳಿಗೆ ಹಾರಿದವು; ಕೆಲವು ತಡವಾಗಿ ಬಂದವು, ಹಲವು ಬರಲಿಲ್ಲ. ಗೂಡುಗಳಲ್ಲಿ ಕೂಗು ದಿನದಿನಕ್ಕೆ ಸಣ್ಣಗಾಯಿತು. ಆಮೇಲೆ ಮರಿಗಳು ಹಿತ್ತಲಿಗೆ ಬೀಳತೊಡಗಿದವು, ಬಾಯಿ ತೆರೆದುಕೊಂಡೇ. ರಾಮಾಂಜಿನಮ್ಮ ಒಂದೊಂದಕ್ಕೂ ಅರಿಶಿನ ಇಟ್ಟು ಮರದ ಬುಡದಲ್ಲೇ ಹೂಳಿದಳು.

ಒಮ್ಮೆ ಶಂಕರಯ್ಯ ಬೇಲಿಯಾಚೆ ನಿಂತು, ಮರದ ಬೊಡ್ಡೆಗೆ ಕಟ್ಟಿದ್ದ ಹಸಿರು ಕಣ ನೋಡಿದ.

"ಬಣ್ಣ ಒಂಚೂರೂ ಹೋಗಿಲ್ಲ, ನೋಡಕ್ಕ."

ಆಕೆ ಗುದ್ದಲಿಯಿಂದ ಇನ್ನೊಂದು ಗುಣಿ ತೋಡಿದಳು.

ಬತ್ತ ಚೆನ್ನಾಗಿ ಬಂತು. ಮರದಿಂದ ಒಂದು ಮರಿಯೂ ಹಾರಲಿಲ್ಲ.