ಗೆಲುವಿನ ಕಂಬಕ್ಕೊಂದು ಆಸರೆ

ನಮ್ಮ ತೆಗಿಯ ಊರಿಗೂ ಪಕ್ಕದ ಮಾಂಟಿನಿಯಕ್ಕೂ ಇರುವುದು ನೀರಿನ ಜಗಳ. ಮಳೆ ಹೆಚ್ಚಾದರೆ ನಾವು ನೀರನ್ನು ಅವರ ಹೊಲಕ್ಕೆ ತಿರುಗಿಸುತ್ತೇವೆ, ಅವರು ನಮ್ಮ ಹೊಲಕ್ಕೆ. ಗುದ್ದಲಿಯಲ್ಲಿ ಮುಗಿಯಬೇಕಾದದ್ದು ಈಟಿಯವರೆಗೆ ಹೋಗುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ, ನನ್ನ ಮಗ ದಮೋಫಿಲ ನಿಜವಾಗಿಯೇ ಸತ್ತ. ಅದೂ ನಮ್ಮದೇ ಬಾರ್ಲಿ ಹೊಲದ ಅಂಚಿನಲ್ಲಿ.

ಮಾಂಟಿನಿಯದವರು ಹೆಣಗಳನ್ನು ಮರ್ಯಾದೆಯಿಂದಲೇ ಒಪ್ಪಿಸಿದರು. ನಮ್ಮವರು ಎಲ್ಲರನ್ನೂ ಒಂದೇ ಚಿತೆಯಲ್ಲಿ ಸುಟ್ಟು, ಮೂಳೆಗಳನ್ನು ಒಟ್ಟಿಗೇ ಹೂತರು. ಯಾವುದು ನನ್ನವನದೆಂದು ಯಾರನ್ನು ಕೇಳಲಿ? ಗೆದ್ದ ಮಾಂಟಿನಿಯದವರು ಪದ್ಧತಿಯಂತೆ ಗೆಲುವಿನ ಗುರುತಿಗೆ ನಮ್ಮ ಹೊಲದಂಚಿನಲ್ಲೇ ಒಂದು ಓಕ್ ಕಂಬ ನೆಟ್ಟು, ಸತ್ತವರಿಂದ ಕಿತ್ತದ್ದನ್ನು ಅದಕ್ಕೆ ತೊಡಿಸಿ ಜೀಯಸ್ ದೇವರಿಗೆ ಅರ್ಪಿಸಿದರು. ಅವರ ಕೈಗೆ ಸಿಕ್ಕಿದ್ದು ದಮೋಫಿಲನ ಶಿರಸ್ತ್ರಾಣ, ಅವನ ಗುರಾಣಿ. ಗುರಾಣಿಯ ಹಿಡಿಗೆ ಚರ್ಮ ಹೊಲಿದವಳು ನಾನೇ. ಗುರುತು ತಪ್ಪುವುದುಂಟೆ?

ದೇವರದಾದ ಮೇಲೆ ಆ ಕಂಬವನ್ನು ಕೆಡವುವಂತಿಲ್ಲ, ದುರಸ್ತಿ ಮಾಡುವಂತೆಯೂ ಇಲ್ಲ. ಮರ ತಾನಾಗಿ ಕೊಳೆತು ಬಿದ್ದಾಗ ಹಗೆಯೂ ಬೀಳಲಿ ಎಂಬುದು ಹಿರಿಯರ ಲೆಕ್ಕಾಚಾರ. ಸೋಲಿನ ಗುರುತು ಕಣ್ಣಿಗೆ ಬೀಳಬಾರದೆಂದು ಊರವರು ನಮ್ಮ ದಾರಿಯನ್ನೇ ಬಿಟ್ಟರು. ನಮ್ಮ ಬಾವಿಗೆ ಬರುತ್ತಿದ್ದ ಹೆಂಗಸರೂ ಬೇರೆ ಬಾವಿ ಹುಡುಕಿಕೊಂಡರು. ಸಂಜೆ ಬಾಗಿಲಲ್ಲಿ ಒಬ್ಬಳೇ ಕೂತರೆ ಎದುರಿಗೆ ಕಂಬ, ಶಿರಸ್ತ್ರಾಣ ತೊಟ್ಟು ಯಾರೋ ನಿಂತ ಹಾಗೆ. ಅದರ ಜೊತೆ ಮಾತಾಡುತ್ತಿದ್ದೆ. ಹುಚ್ಚಿ ಎನ್ನಲಿ, ಹಾಗೆನ್ನುವುದಕ್ಕಾದರೂ ಯಾರಾದರೂ ಬರಬೇಕಲ್ಲ.

ಎಷ್ಟೋ ವರ್ಷ ಕಳೆದು ಈ ಚಳಿಗಾಲದಲ್ಲಿ ಕಂಬದ ಬುಡ ಕೊಳೆತು ವಾಲಿತು. ನನ್ನ ಕರುಳು ಕೇಳಲಿಲ್ಲ. ಗಟ್ಟಿ ಆಲಿವ್ ಕೊಂಬೆಯೊಂದನ್ನು ತಂದು ಆಸರೆ ಕೊಟ್ಟೆ. ಕಾಲುವೆಯಾಚೆ ಮೇಕೆ ಮೇಯಿಸುವ ಮಾಂಟಿನಿಯದ ಮುದುಕನೊಬ್ಬ ಅದನ್ನು ನೋಡಿಬಿಟ್ಟ.

"ಏನಜ್ಜಿ, ನಮ್ಮ ಗೆಲುವಿಗೆ ನೀನು ಕಾವಲಾ? ನಮ್ಮೋರಿಗೆ ಹೇಳಿ ಸಂಬಳ ಕೊಡಿಸ್ಲಾ?"

"ನಿನ್ನ ಮೇಕೆ ಮೊದ್ಲು ಕಾಯಿ ಹೋಗು. ನನ್ನ ಬಾರ್ಲಿಗೆ ಬಾಯಿ ಹಾಕ್ತಿದೆ."

ಆಡಿಕೊಳ್ಳುವ ಬಾಯಿಗೆ ಅಷ್ಟೇ ಸಾಕಾಯಿತು. ಸುದ್ದಿ ಅವರ ಊರು ಸುತ್ತಿ ನಮ್ಮೂರಿಗೂ ಬಂತು. ನಮ್ಮ ಹಿರಿಯ ಸ್ಥೆನೆಲ ಗಂಡಸರ ಗುಂಪು ಕಟ್ಟಿಕೊಂಡು ಬಂದ.

"ಏನ್ ಲಿಸಿಲ್ಲಕ್ಕಾ ಇದು? ಯಾವಾಗ ಬೀಳ್ತದೋ ಅಂತ ಊರೆಲ್ಲ ಕಾಯ್ತಿದ್ರೆ ನೀನು ಎತ್ತಿ ನಿಲ್ಲಿಸ್ತೀಯಾ?"

"ನಿಮಗದು ಸೋಲು ಕಣಪ್ಪ. ನನಗೆ ಉಳಿದಿರೋದು ಅದೊಂದೇ."

"ಗೊತ್ತಕ್ಕಾ. ಆದ್ರೆ ದೇವರ ಕಂಬಕ್ಕೆ ನಾವು ಕೈ ಹಚ್ಚೋ ಹಾಗಿಲ್ಲ. ಆಸರೆ ಕೊಟ್ಟೋಳು ನೀನು, ನೀನೇ ತೆಗೀಬೇಕು."

"ಅದರ ಮೇಲಿರೋದನ್ನಾದ್ರೂ ನಂಗೆ ಕೊಡ್ತೀರಾ?"

"ದೇವರಿಗೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ? ಬಿದ್ದಲ್ಲೇ ಮಣ್ಣಾಗ್ಬೇಕು ಅದು."

ನಾನೇ ತೆಗೆದೆ. ಕೊಂಬೆ ಎಳೆದಾಗ ಕಂಬ ಮೆಲ್ಲನೆ ನನ್ನ ಹೆಗಲ ಮೇಲೆ ಭಾರ ಬಿಟ್ಟಿತು. ಹಾಗೇ ಹೊತ್ತು ನಿಂತೆ. ಸ್ಥೆನೆಲ ಕೆಮ್ಮಿದ. ಪಕ್ಕಕ್ಕೆ ಸರಿದೆ, ಕಂಬ ನೆಲಕ್ಕುರುಳಿತು. ಗಂಡಸರೆಲ್ಲ ಕೇಕೆ ಹಾಕಿದರು.

ಆ ಸಂಜೆಯೇ ಹೆಂಗಸರು ಜೇನು ಸವರಿದ ರೊಟ್ಟಿ, ಅಂಜೂರ ಹಿಡಿದುಕೊಂಡು ಬಂದರು. "ಪೀಡೆ ತೊಲಗ್ತು ಬಿಡಕ್ಕಾ, ಇನ್ಮೇಲೆ ಈ ಬಾವಿಗೇ ಬರ್ತೀವಿ" ಎಂದರು. ಮನೆ ತುಂಬ ಮಾತು, ನಗು. ದಮೋಫಿಲನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರಿಗೂ ಬಡಿಸಿದೆ. ಇವರು ಯಾವಾಗ ಎದ್ದಾರೋ, ಇದನ್ನೆಲ್ಲ ಯಾವಾಗ ಅವನಿಗೆ ಹೇಳಿಕೊಂಡೇನೋ ಎಂದು ಚಡಪಡಿಸುತ್ತಿದ್ದೆ.

ಅವರು ಹೋದರು. ಬಾಗಿಲಿಗೆ ಬಂದು ಕೂತು, ಹೇಳಲು ಬಾಯಿ ತೆರೆದೆ. ಎದುರಿಗೆ ಬರೀ ಹೊಲ.