ಆರನೆಯ ಗಾಡಿಯ ಪರದೆ

ನನಗೆ ನನ್ನ ಬಾಯಿಯೇ ಶತ್ರು. ಕಮಿಟಿಯವರು ಇನ್ನೂ ಹೂಂ ಅಂದಿರಲಿಲ್ಲ. ಅಷ್ಟರಲ್ಲೇ ನಾನು ಬಂಡೆಬೀದಿಯ ಬಾವಿಯ ಹತ್ತಿರ ನೀರಿಗೆ ನಿಂತ ಹೆಂಗಸರಿಗೆಲ್ಲ ಸಾರಿಬಿಟ್ಟಿದ್ದೆ, ಜುಲೈ ನಾಲ್ಕರ ಮೆರವಣಿಗೆಯಲ್ಲಿ ಶೂ ಗಾಡಿಯ ಮೇಲೆ ಕೂತು ಹೊಲಿಯುವವಳು ನಾನೇ ಎಂದು.

“ನೀನಾ?” ಅಂದಳು ಪಕ್ಕದ ಮನೆಯ ಪೆಗ್ ಶಾನಹನ್, ಬಿಂದಿಗೆ ಕೆಳಗಿಟ್ಟು. “ಆ ಗಾಡಿ ಹತ್ತೋಕೆ ದೊಡ್ಡ ಮನೆತನದೋರೇ ಆಗ್ಬೇಕಂತೆ ಕಣೇ.”

“ಎರಡು ಗಂಟೆ ಒಳಗೆ ಜನರ ಕಣ್ಣೆದುರಿಗೇ ಒಂದು ಶೂ ಆಗ್ಬೇಕು. ಮನೆತನ ಬಂದು ಹೊಲಿಯುತ್ತಾ? ಇಡೀ ಆಶ್‌ಬೆರೀಲಿ ನನ್ನಷ್ಟು ಬೇಗ, ನನ್ನಷ್ಟು ನೇರ ಹೊಲಿಯೋಳು ಇನ್ನೊಬ್ಬಳಿದ್ರೆ ಕರ್ಕೊಂಡು ಬಾ, ನೋಡೇಬಿಡೋಣ!”

ಜಂಭ ಅನ್ನಿ ಬೇಕಾದರೆ. ಸುಳ್ಳಂತೂ ಅಲ್ಲ. ನಾಲ್ಕು ವರ್ಷದಿಂದ ಪ್ರೌಟಿಯವರ ಕಾರ್ಖಾನೆಯಲ್ಲಿ ಶೂವಿನ ಮೇಲ್ಭಾಗ ಹೊಲಿಯುತ್ತಿದ್ದೆ, ನನ್ನ ಹೊಲಿಗೆ ಒಂದೂ ವಾಪಸ್ಸು ಬಂದದ್ದಿಲ್ಲ.

ಅದು ೧೮೭೬ನೆಯ ಇಸವಿ. ಅಮೆರಿಕ ಸ್ವತಂತ್ರವಾಗಿ ನೂರು ವರ್ಷ ತುಂಬುತ್ತದೆ ಅಂತ ಮ್ಯಾಸಚೂಸೆಟ್ಸ್‌ನ ಊರೂರಿಗೂ ಹುಚ್ಚು ಹಿಡಿದಿತ್ತು. ನಮ್ಮೂರಿನವರು ಇನ್ನೂರೈವತ್ತು ವರ್ಷದ ಚರಿತ್ರೆಯನ್ನು ಆರು ಕುದುರೆಗಾಡಿಗಳ ಮೇಲೆ ಹೇರಿ ಬೀದಿಗೆ ತರಲು ಹೊರಟಿದ್ದರು. ಮೊದಲ ಗಾಡಿಯಲ್ಲಿ ಇಂಗ್ಲೆಂಡಿನಿಂದ ಮೊಟ್ಟಮೊದಲು ವಲಸೆ ಬಂದವರ ಹಡಗು. ಎರಡನೆಯದರಲ್ಲಿ ಬ್ರಿಟಿಷರ ತೆರಿಗೆಗೆ ಸಿಟ್ಟಾಗಿ ಬಾಸ್ಟನ್ ಬಂದರಿನ ನೀರಿಗೆ ಚಹಾ ಪೆಟ್ಟಿಗೆ ಎಸೆಯುವವರು. ಆಮೇಲೆ ನೇಗಿಲು ಬಿಟ್ಟು ಬಂದೂಕು ಹಿಡಿದ ರೈತರು, ಅವರ ಹಿಂದೆ ಕಾಲುವೆ ದೋಣಿ, ಅದರ ಹಿಂದೆ ರೈಲು. ಕಟ್ಟಕಡೆಗೆ ನಮ್ಮದು, ಶೂ ಕಾರ್ಖಾನೆ. ಗಾಡಿ ಚರ್ಚಿನಿಂದ ಹೊರಟು ಊರೆಲ್ಲ ಸುತ್ತಿ ಮೈದಾನ ಮುಟ್ಟುವುದರೊಳಗೆ ಒಂದು ಶೂ ಮುಗಿಯಬೇಕು, ಅದನ್ನು ಬಾಸ್ಟನ್ನಿನಿಂದ ಬರುವ ದೊಡ್ಡ ಅತಿಥಿಯ ಕೈಗೆ ಕೊಡಬೇಕು.

ನೀರು ಹೊತ್ತು ನಾನು ಮನೆ ಸೇರುವುದರೊಳಗೆ ಸುದ್ದಿ ಅಪ್ಪನ ಕಿವಿ ಸೇರಿತ್ತು. ಅಪ್ಪ ಕಾರ್ನೀಲಿಯಸ್, ಎಲ್ಲರ ಬಾಯಲ್ಲೂ ಕಾನ್, ಐರ್ಲೆಂಡಿನ ಬರದಿಂದ ತಪ್ಪಿಸಿಕೊಂಡು ಬಂದವನು. ನಮ್ಮ ಬೀದಿಯ ಬಂಡೆ ಸಿಡಿಸಿ ರೈಲು ಹಾಕಿದವರಲ್ಲಿ ಅವನೂ ಒಬ್ಬ. ಎಡಗೈಯ ಎರಡು ಬೆರಳು ಆ ಬಂಡೆಯ ಪಾಲಾಗಿವೆ. ಜುಲೈ ನಾಲ್ಕರ ಮೆರವಣಿಗೆಗೆ ಅವನು ಒಮ್ಮೆಯೂ ಹೋದವನಲ್ಲ. “ಕಂಡೋರ ಬೆನ್ನು ನೋಡ್ಕೊಂಡು ಬಿಸಿಲಲ್ಲಿ ನಿಲ್ಲೋಕೆ ನನಗೇನು ಗ್ರಹಚಾರ?” ಅನ್ನುತ್ತಿದ್ದ.

ಅಂಥವನು ಆ ಸಂಜೆ ಭಾನುವಾರದ ಕೋಟನ್ನು ತೆಗೆದು ಬ್ರಷ್ ಹೊಡೆಯುತ್ತಿದ್ದ. “ಮೆರವಣಿಗೆ ದಿನ ಬೆಳಗ್ಗೆ ಐದಕ್ಕೇ ಹೋಗಿ ನಮ್ಮ ಬೀದಿ ಮೂಲೇಲಿ ಜಾಗ ಹಿಡೀತೀನಿ, ನೋರಾ. ಗಾಡಿ ಮೇಲೆ ಕೂರೋಳು ನನ್ನ ಮಗಳು ಅಂತ ರೈಲು ಕೆಲಸದೋರಿಗೆಲ್ಲ ಹೇಳಿಟ್ಟಿದೀನಿ.”

ನಾನು ಕೊಚ್ಚಿಕೊಳ್ಳುವುದು ಹೊಸದಲ್ಲ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಅಪ್ಪ ಯಾವತ್ತೂ ಕೊಚ್ಚಿಕೊಂಡವನಲ್ಲ. ಅವನ ಮಾತು ಬಿದ್ದುಹೋದರೆ ಆ ಬೀದಿಯಲ್ಲಿ ಅವನು ತಲೆ ಎತ್ತುವುದು ಹೇಗೆ?

ಎರಡು ದಿನ ಬಿಟ್ಟು ಡೀಕನ್ ಪ್ರೌಟಿಯವರು ನನ್ನನ್ನು ಆಫೀಸಿಗೆ ಕರೆಸಿದರು. ಅವರು ಕಾರ್ಖಾನೆಯ ಮಾಲೀಕರು, ಚರ್ಚಿನ ಹಿರಿಯರು, ಮೆರವಣಿಗೆ ಕಮಿಟಿಯ ಅಧ್ಯಕ್ಷರು, ಎಲ್ಲವೂ ಅವರೇ. ಮಾತು ಬೆಣ್ಣೆ.

“ನೋಡಮ್ಮ, ಗಾಡಿ ಮೇಲೆ ಕೂರೋರಿಗೆ ಕಮಿಟಿ ಒಂದು ನಿಯಮ ಮಾಡಿದೆ. ಅವರ ತಾತ ನಮ್ಮೂರ ಹಳೇ ಸ್ಮಶಾನದಲ್ಲಿ ಮಲಗಿರ್ಬೇಕು.”

“ನಮ್ಮ ತಾತ ಐರ್ಲೆಂಡಿನ ಕೆರಿ ಸೀಮೇಲಿ ಮಲಗಿದಾನೆ, ಯಜಮಾನ್ರೆ. ಹೋಗಿ ಅಗೆದು ತರ್ಲಾ?”

ಡೀಕನ್ ನಗಲಿಲ್ಲ. “ಮುಂದುಗಡೆ ನನ್ನ ಅಣ್ಣನ ಮಗಳು ಲವಿನಿಯಾ ಕೂರ್ತಾಳೆ. ಅವಳಿಗೆ ಹೊಲಿಯೋಕೆ ಬರಲ್ಲ. ಅದಕ್ಕೆ ಅವಳ ಹಿಂದೆ ಒಂದು ಪರದೆ ಕಟ್ಟಿ, ಅದರ ಒಳಗೆ ಇನ್ನೊಂದು ಮಷೀನು ಇಡೋಣ. ನೀನು ಅಲ್ಲಿ ಕೂತು ಹೊಲಿ. ಅವಳು ಮುಂದೆ ಕೈ ಆಡಿಸ್ತಿರ್ಲಿ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಇಷ್ಟೆಲ್ಲ ಯಾಕೆ? ಮೊದ್ಲೇ ಹೊಲಿದಿಟ್ಟಿದ್ದನ್ನ ತಗೊಂಡು ಹೋಗಿ.”

“ಛೆ ಛೆ!” ಡೀಕನ್ ನಿಜವಾಗಿಯೂ ಬೆಚ್ಚಿಬಿದ್ದರು. “ಗಾಡಿ ಮೇಲೇ ಹೊಲೀತೀವಿ ಅಂತ ಪತ್ರಿಕೇಲಿ ಹಾಕ್ಸಿದೀವಿ. ಮೊದ್ಲೇ ಹೊಲಿದು ತಂದ್ರೆ ಅದು ಸುಳ್ಳಾಗುತ್ತೆ. ನಾನು ಸುಳ್ಳಾಡೋನಲ್ಲ.”

“ಮತ್ತೆ ನನ್ನನ್ನ ಬಚ್ಚಿಡೋದು?”

“ಅದು ಸುಳ್ಳಲ್ಲಮ್ಮ. ಅದು ಏರ್ಪಾಡು.”

ನಾನು ಅಂದೇ ಆಗಲ್ಲ ಅಂದು ಎದ್ದು ಬರಬೇಕಿತ್ತು. ಆದರೆ ಮನೆಗೆ ಹೋಗಿ ಅಪ್ಪನಿಗೆ ಏನು ಹೇಳಲಿ? ಗಾಡಿಯ ಮೇಲಂತೂ ಇರುತ್ತೇನಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಒಪ್ಪಿಬಿಟ್ಟೆ. ಪರದೆಯ ವಿಷಯ ಅಪ್ಪನಿಗೆ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವನು ಕೋಟಿನ ಗುಂಡಿ ತಿಕ್ಕುತ್ತ ಕೂತಿದ್ದ. ಆಗಲಿಲ್ಲ. ಥೂ, ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮೆರವಣಿಗೆಯ ದಿನ ಬಿಸಿಲು ನೆತ್ತಿ ಸೀಳುತ್ತಿತ್ತು. ಗಾಡಿಯ ಒಂದು ಬದಿಗೆ, ಪಾದದಾಕಾರದ ಮರದ ಅಚ್ಚಿಗೆ ಚರ್ಮ ಎಳೆದು ಅಟ್ಟೆ ಬಡಿಯಲು ಇಬ್ಬರು ಗಂಡಸರು, ತಾತಂದಿರ ಸಮಾಧಿ ಸರಿಯಾಗಿದ್ದವರೇ. ನಡುವೆ ಬಿಳಿ ಟೋಪಿ ಹಾಕಿಕೊಂಡ ಉದ್ದ ಮೂಗಿನ ಲವಿನಿಯಾ, ಅವಳ ಮುಂದೆ ದಾರವಿಲ್ಲದ ಮಷೀನು. ಅವಳ ಬೆನ್ನಿಗೆ ದಪ್ಪ ನೀಲಿ ಪರದೆ. ಪರದೆಯ ಒಳಗೆ ಕುಲುಮೆಯಂಥ ಸೆಕೆಯಲ್ಲಿ ನಾನು.

“ನಂಗೆ ಗುಂಡಿ ಹೊಲಿಯೋಕೂ ಬರಲ್ಲ,” ಅಂದಳು ಲವಿನಿಯಾ ಪರದೆಯ ಸಂದಿಯಲ್ಲಿ ಮುಖ ತೂರಿಸಿ. ಹುಡುಗಿ ಕೆಟ್ಟವಳಲ್ಲ. “ಚಿಕ್ಕಪ್ಪನಿಗೆ ಬೇಡ ಅಂದೆ, ಕೇಳ್ಲಿಲ್ಲ. ನಂಗೆ ತುಂಬಾ ನಾಚಿಕೆ ಆಗ್ತಿದೆ.”

“ಕೈ ಆಡಿಸ್ತಿರಿ, ಸಾಕು. ಆದ್ರೆ ಬೆರಳು ಸೂಜಿ ಕೆಳಗೆ ಇಡ್ಬೇಡಿ.”

ಬ್ಯಾಂಡು ಶುರುವಾಯಿತು, ಗಾಡಿ ಜಗ್ಗಿ ಹೊರಟಿತು. ನಾನು ಮಷೀನಿನ ಪೆಡಲ್ ತುಳಿಯತೊಡಗಿದೆ. ಒಂದು ಮಾತು ಹೇಳುತ್ತೇನೆ: ಗಾಡಿ ಕುಲುಕುವಾಗ ನೇರ ಹೊಲಿಯುವುದು ಹುಡುಗಾಟವಲ್ಲ. ಗಾಲಿ ಕಲ್ಲಿಗೆ ಹತ್ತುವ ಮೊದಲೇ ಕಾಲು ಹಿಡಿಯಬೇಕು, ಇಳಿದ ಮೇಲೆ ಬಿಡಬೇಕು. ಮೊದಲ ಎರಡು ಬೀದಿಗಳಲ್ಲೇ ನನಗೆ ಅದರ ಲಯ ಸಿಕ್ಕಿಬಿಟ್ಟಿತು. ಶೂವಿನ ಅಂಚು ಮುಗಿಯಿತು, ಲೇಸಿನ ಕೆಳಗಿನ ನಾಲಗೆ ಕೂಡಿತು. ಹೊರಗೆ ಜನ ಲವಿನಿಯಾಳಿಗೆ ಚಪ್ಪಾಳೆ ತಟ್ಟುತ್ತಿದ್ದರು. ಒಂದೊಂದು ಚಪ್ಪಾಳೆಗೂ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು.

ಬಂಡೆಬೀದಿಯ ಮೂಲೆಯ ಏರಿನಲ್ಲಿ ಮುಂದಿನ ಗಾಡಿಯ ಕುದುರೆಗಳು ಮುಷ್ಕರ ಹೂಡಿ ನಿಂತವು. ನಮ್ಮ ಗಾಡಿಯೂ ನಿಂತಿತು. ಪರದೆಯಲ್ಲಿದ್ದ ಸಣ್ಣ ತೂತಿಗೆ ಕಣ್ಣಿಟ್ಟೆ, ಕಾಲು ಮಾತ್ರ ತುಳಿಯುತ್ತಲೇ ಇತ್ತು. ಅಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. ಅವನ ಹಿಂದೆ ರೈಲು ಕೆಲಸದವರು, ಅವರ ಹೆಂಗಸರು, ಇಡೀ ಬೀದಿ. ಎಲ್ಲರೂ ಕತ್ತು ಉದ್ದ ಮಾಡಿ ನನ್ನನ್ನು ಹುಡುಕುತ್ತಿದ್ದರು.

“ಏನೋ ಕಾನ್!” ಪೆಗ್‌ಳ ದನಿ. “ನಿನ್ನ ಮಗಳ ಮೂಗು ಒಂದೇ ರಾತ್ರೀಲಿ ಇಷ್ಟು ಉದ್ದ ಆಗೋಯ್ತಾ?”

ಗೊಳ್ಳೆಂದು ನಕ್ಕರು. ಅಪ್ಪ ನಗಲಿಲ್ಲ. ಲವಿನಿಯಾಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಜನರನ್ನು ಭುಜದಿಂದ ಸರಿಸುತ್ತ, ತಲೆ ತಗ್ಗಿಸಿಕೊಂಡು ಮನೆಯ ಕಡೆಗೆ ತಿರುಗಿದ. ಬ್ರಷ್ ಹೊಡೆದ ಆ ಕೋಟಿನ ಬೆನ್ನು ನನ್ನ ಕಣ್ಣಿಗೆ ಬಿತ್ತು.

ನಾನು ಕಾಲು ತೆಗೆದೆ. ಮಷೀನು ನಿಂತಿತು.

ಹೊರಗೆ ಪಾಪ, ಲವಿನಿಯಾಳಿಗೆ ಅದು ತಿಳಿಯಲಿಲ್ಲ. ಅವಳ ಕೈ ಆಡುತ್ತಲೇ ಇತ್ತು, ಸದ್ದು ಮಾತ್ರ ಇಲ್ಲ! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುದುರೆಯ ಮೇಲಿದ್ದ ಡೀಕನ್ ದಡಬಡಿಸಿ ಪರದೆಯ ಪಕ್ಕಕ್ಕೆ ಬಂದರು.

“ಯಾಕಮ್ಮ ನಿಲ್ಸಿದೆ?” ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಕತ್ತಲೆ, ಯಜಮಾನ್ರೆ. ಹೊಲಿಗೆ ಕಾಣಿಸ್ತಿಲ್ಲ.”

“ಇಷ್ಟು ಹೊತ್ತು ಕಾಣಿಸ್ತಿತ್ತಲ್ಲ?”

“ಇಲ್ಲಿಂದ ಮುಂದಕ್ಕೆ ಕಾಣಲ್ಲ. ಪರದೆ ತೆಗೀರಿ.”

“ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಹಾಗಾದ್ರೆ!”

“ಆಗ್ಲಿ. ನಾಳೆ ಮಾತು ನಾಳೆಗೆ. ಇವತ್ತಿನ ಶೂ ಯಾರ ಕೈಲಿ ಹೊಲಿಸ್ತೀರಿ?”

(ಮರುದಿನ ನಾನು ಹೋದೆ. ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ಊರಲ್ಲಿ ಇನ್ನೂ ಮೂರು ಕಾರ್ಖಾನೆಗಳಿದ್ದವು, ಅದು ಡೀಕನ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು.)

ಅವರ ಉತ್ತರಕ್ಕೆ ನಾನು ಕಾಯಲಿಲ್ಲ. ದಾರ ಕತ್ತರಿಸುವ ಕತ್ತರಿ ಮಡಿಲಲ್ಲೇ ಇತ್ತು. ಎದ್ದು ನಿಂತು ಪರದೆಯ ಹಗ್ಗವನ್ನು ಎರಡು ಕಡೆಯೂ ಕತ್ತರಿಸಿ ಹಾಕಿದೆ. ಪರದೆ ಕುಸಿದು ಬಿತ್ತು. ಬಿಸಿಲು ಮುಖಕ್ಕೆ ರಾಚಿತು. ಬೆವರಿನಿಂದ ಕೂದಲೆಲ್ಲ ಹಣೆಗೆ ಅಂಟಿ, ಕೆಂಪಗೆ ಬೆಂದ ಮುಖ ಹೊತ್ತು ಇಡೀ ಬೀದಿಯ ಎದುರು ನಿಂತಿದ್ದೆ. ಮೆರವಣಿಗೆ ಗಾಡಿಯಲ್ಲಿ ಕೂರಿಸುವ ಯಾವ ಬೊಂಬೆಯೂ ಹಾಗಿರುವುದಿಲ್ಲ.

“ಅಬ್ಬಾ, ಸದ್ಯ!” ಅಂದಳು ಲವಿನಿಯಾ. ಎದ್ದು, ತನ್ನ ಕುರ್ಚಿಯನ್ನು ತಾನೇ ಬದಿಗೆ ಎಳೆದುಕೊಂಡು, ನನ್ನ ಕಡೆ ಕೈ ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿದಳು, “ಮೊದ್ಲಿಂದ್ಲೂ ಹೊಲೀತಿರೋದು ಇವಳೇ. ನಾನಲ್ಲ.”

ಬೀದಿ ಹೋ ಎಂದು ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಪೆಗ್, ಅವಳ ಬಾಯಿಗೆ ಬೀಗವೇ ಇಲ್ಲ. ಆ ಗದ್ದಲಕ್ಕೆ ಅಪ್ಪ ತಿರುಗಿ ನೋಡಿದ. ಜನ ದಾರಿ ಬಿಟ್ಟರು. ಅವನು ಓಡಲಿಲ್ಲ, ಕೈ ಬೀಸಲಿಲ್ಲ. ನೆಟ್ಟಗೆ ನಡೆದು ಬಂದು ಗಾಡಿಯ ಹಲಗೆಯ ಮೇಲೆ ಮೂರು ಬೆರಳಿನ ಕೈ ಊರಿದ.

“ಎಷ್ಟು ಉಳಿದಿದೆ?” ಅಂದ.

“ಹಿಮ್ಮಡಿ ಪಟ್ಟಿ ಅಪ್ಪ.”

“ಮತ್ತೆ ನನ್ನ ಮುಖ ಏನು ನೋಡ್ತಾ ನಿಂತಿದೀಯ? ಹೊಲಿ!”

ಹೊಲಿದೆ. ಕುದುರೆಗಳು ಏರು ಹತ್ತಿದವು. ಅಪ್ಪ ಹಲಗೆಯಿಂದ ಕೈ ತೆಗೆಯದೆ ಗಾಡಿಯ ಜೊತೆಗೇ ನಡೆದ. ನಿಯಮ, ಕಮಿಟಿ ಅಂತ ಯಾರೂ ಅವನನ್ನು ಕೇಳಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇದ್ದಂತೆ ಕಾಣಲಿಲ್ಲ. ಅವನ ಹಿಂದೆ ರೈಲು ಕೆಲಸದವರು ಹೊರಟರು, ಅವರ ಹಿಂದೆ ಹೆಂಗಸರು. ಹಿಮ್ಮಡಿ ಪಟ್ಟಿ ಮುಗಿಸಿ ಚರ್ಮವನ್ನು ಪಕ್ಕದವರ ಕೈಗೆ ಕೊಟ್ಟೆ. ಅವರು ಅಚ್ಚಿಗೆ ಎಳೆದು, ಅಟ್ಟೆ ಬಡಿದು, ಅಂಚು ಉಜ್ಜಿದರು. ಮೈದಾನ ಕಾಣುವ ಹೊತ್ತಿಗೆ ಶೂ ಸಿದ್ಧವಾಗಿತ್ತು.

ಬಾಸ್ಟನ್ನಿನ ಅತಿಥಿ ದಪ್ಪ ಮನುಷ್ಯ, ಆದರೆ ಕಣ್ಣು ಚುರುಕು. ಶೂವನ್ನು ಬಿಸಿಲಿಗೆ ಹಿಡಿದು, ತಿರುವಿ, ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು. “ಗಾಡಿ ಮೇಲೆ ಇಷ್ಟು ನೇರವಾಗಿ? ಯಾರ್ರೀ ಹೊಲಿದಿದ್ದು?”

ಡೀಕನ್ ಸುಳ್ಳಾಡದ ಮನುಷ್ಯ, ಸಾವಿರ ಜನರ ಎದುರು ನಿಂತಿದ್ದರು. ಆಮೇಲೆ ನನ್ನ ಕಡೆಗೆ ಬಗ್ಗಿ, ತುಟಿ ಅಲುಗದ ಹಾಗೆ ಕೇಳಿದರು, “ನಿನ್ನ ಹೆಸರೇನಮ್ಮ?”

ನಾಲ್ಕು ವರ್ಷ! ದಿನಕ್ಕೆ ಹತ್ತು ಗಂಟೆ, ಅವರ ಕಿಟಕಿಯ ಎದುರಿಗೇ ಕೂತು ಹೊಲಿದಿದ್ದೇನೆ. ಪರದೆಯ ಹಿಂದೆ ಕೂತಾಗಲೂ ಇಷ್ಟು ನೋವಾಗಿರಲಿಲ್ಲ. ಆದರೆ ಅವರೆದುರು ಅಳುವವಳು ನಾನಲ್ಲ. ಹೇಳಿದೆ. ಬರೀ ನೋರಾ ಅಲ್ಲ, ಪೂರ್ತಿ ಹೆಸರು, ಅಪ್ಪನ ಹೆಸರನ್ನೂ ಸೇರಿಸಿ.

ಡೀಕನ್ ಅತಿಥಿಯ ಕಿವಿಯ ಹತ್ತಿರ ಏನೋ ಗೊಣಗಿದರು.

“ಕೇಳಿಸ್ಲಿಲ್ಲ!” ಅಂದ ಅಪ್ಪ, ಗಾಡಿಯ ಪಕ್ಕದಿಂದ.

“ಕೇಳಿಸ್ಲಿಲ್ಲ!” ಅಂದಿತು ಅವನ ಹಿಂದಿದ್ದ ಬಂಡೆಬೀದಿ.

ಡೀಕನ್ ಪ್ರೌಟಿ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಎದೆ ತುಂಬ ಉಸಿರೆಳೆದುಕೊಂಡು, ಚರ್ಚಿನಲ್ಲಿ ಪ್ರಾರ್ಥನೆ ಹೇಳುವ ದೊಡ್ಡ ದನಿಯಲ್ಲಿ ಕೂಗಿದರು.

“ಹೊನೋರಾ ಟೂಹಿಗ್! ಬಂಡೆಬೀದಿಯ ಕಾರ್ನೀಲಿಯಸ್ ಟೂಹಿಗ್ ಮಗಳು!”

ನಾನು ಅಪ್ಪನ ಕಡೆ ನೋಡಿದೆ. ಅಮ್ಮ ಸತ್ತಾಗಲೂ ನನ್ನೆದುರು ಅಳದವನು, ಅಷ್ಟು ಜನರ ಮಧ್ಯೆ, ಕಣ್ಣೀರು ಒರೆಸಿಕೊಳ್ಳದೆ ನಿಂತಿದ್ದ.