ನಡೆಯಲು ಬಾರದ ಜೀಪು

ಜೀಪು ಢಂ ಎಂದು ಸಿಡಿದು, ಮುಗ್ಗರಿಸಿ, ಮತ್ತೆ ನಿಂತುಹೋಯಿತು. ಹಿಂದೆ ಅಂತಿಮಯಾತ್ರೆಯ ಹೂವಿನ ವಿಮಾನದಲ್ಲಿ ಕೂರಿಸಿದ್ದ ಗುರುಮಲ್ಲಪ್ಪನವರ ತಲೆ ಮುಂದಕ್ಕೆ ವಾಲಿ, ಕಟ್ಟಿದ್ದ ವಸ್ತ್ರದ ಬಿಗಿಗೆ ಹಿಂದೆ ಬಂತು. ಭಜನೆಯವರ ತಾಳ ತಪ್ಪಿತು.

"ಅಯ್ಯೋ ಶಿವನೇ, ಊರೋರ ಗಾಡಿನೆಲ್ಲ ರಿಪೇರಿ ಮಾಡಿ ಓಡಿಸ್ದೋರು ಇವ್ರು. ಇವ್ರು ಹೋಗೋ ಗಾಡಿನೇ ಬೀದೀಲಿ ನಿಂತ್ಕೊತಲ್ಲ," ಎಂದು ನೀಲಮ್ಮ ಗಂಡನ ಮುಖ ನೋಡಿ ಅತ್ತರು. ಪಕ್ಕದಲ್ಲಿದ್ದ ಮಗಳು ಸುಷ್ಮಾಗೆ ಅಳುವ ಹೊತ್ತಿನಲ್ಲಿ ಸಿಟ್ಟು ಬಂತು.

ಜೀಪು ಅವಳ ಅಣ್ಣ ಅಮರೇಶನ ಮಗ ಗುರುಕಿರಣನದು. ತಾತ ಆಸ್ಪತ್ರೆಯಲ್ಲಿದ್ದಾಗ ಅವನು ಬೇರೆಲ್ಲೋ ಹೋಗಿ ಅಗಲ ಬಾಯಿಯ ಸೈಲೆನ್ಸರ್ ಹಾಕಿಸಿಕೊಂಡು ಬಂದಿದ್ದ. ರಿಂಗ್ ರೋಡಿನಲ್ಲಿ ಅದು ಗುಡುಗುತ್ತ ಓಡುತ್ತಿತ್ತು. ತಾತನನ್ನು ನನ್ನ ಗಾಡಿಯಲ್ಲೇ ಕರೆದೊಯ್ಯಬೇಕೆಂದು ಹಟ ಹಿಡಿದವನೂ ಅವನೇ. ಪಾಪ, ಪ್ರೀತಿಗೇನೂ ಕೊರತೆಯಿರಲಿಲ್ಲ. ಆದರೆ ಮೆರವಣಿಗೆ ಹೋಗುವುದು ಕಾಲ್ನಡಿಗೆಯಲ್ಲಿ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ.

"ಇಳಿಸಿ ಹೆಗಲ ಮೇಲೆ ಹೊತ್ಕೊಂಡು ಹೋಗೋಣ," ಎಂದರು ಗುರುಮಲ್ಲಪ್ಪನವರ ಗ್ಯಾರೇಜಿನ ಹಳೆಯ ಗಿರಾಕಿ, ಟ್ಯಾಕ್ಸಿ ಕುಮಾರಸ್ವಾಮಿ.

"ಹೊರಟೋರನ್ನ ನಡುದಾರೀಲಿ ಇಳಿಸ್ಬಾರ್ದು ಕಣಪ್ಪ," ಎಂದು ನೀಲಮ್ಮ ಅಡ್ಡ ಬಂದರು.

ಹಿನಕಲ್ಲಿನ ಆ ಬೀದಿಯ ಮೂಲೆಯಲ್ಲೇ ಅಪ್ಪನ ಗ್ಯಾರೇಜು. ಸುಷ್ಮಾ ಅಣ್ಣನ ಮುಂದೆ ಕೈ ಚಾಚಿದಳು. "ಬೀಗದ ಕೈ ಕೊಡಣ್ಣ."

ಅಮರೇಶ ಜೇಬಿಗೆ ಕೈ ಹಾಕಿ ಹಾಗೇ ನಿಂತ. ಗ್ಯಾರೇಜನ್ನು ಬೇಕರಿಯವನಿಗೆ ಬಾಡಿಗೆಗೆ ಕೊಡುವುದೆಂದು ಅವನು ಆಸ್ಪತ್ರೆಯಲ್ಲೇ ತೀರ್ಮಾನಿಸಿದ್ದ. "ಅಪ್ಪ ಇದ್ರು, ನಡೀತು. ನಿನ್ನೊಬ್ಬಳನ್ನ ನಂಬಿ ಯಾರು ಗಾಡಿ ಬಿಡ್ತಾರೆ?" ಎಂದಿದ್ದ. ಇಷ್ಟು ವರ್ಷ ಅಪ್ಪನ ಜೊತೆ ಗ್ರೀಸು ಮೆತ್ತಿಕೊಂಡು ದುಡಿದವಳು ಅಂದು ಬಾಯಿ ಬಿಡಲಿಲ್ಲ. ಗ್ಯಾರೇಜು ನಿನ್ನದು ಎಂಬ ಮಾತು ಅಪ್ಪನ ಬಾಯಿಂದಲೇ ಬರಲಿ ಎಂದು ಕಾದಳು. ಅಪ್ಪನಿಗೆ ಮತ್ತೆ ಎಚ್ಚರವಾಗಲಿಲ್ಲ.

*

ಅಗಲ ಪೈಪು ಕೇಳಿಕೊಂಡು ಬರುವ ಹುಡುಗರನ್ನು ಗುರುಮಲ್ಲಪ್ಪ ಬೈದು ಕಳಿಸುತ್ತಿರಲಿಲ್ಲ. ಹಾಕಿಕೊಡುತ್ತಿದ್ದರು. ಆದರೆ ಪೈಪು ಹಾಕಿದ ಕೂಡಲೇ ಗಾಡಿ ಬಿಡುತ್ತಲೂ ಇರಲಿಲ್ಲ.

"ಬಿಡೋ ಉಸಿರು ಜಾಸ್ತಿ ಆದ್ರೆ, ಎಳ್ಕೊಳ್ಳೋ ಉಸಿರೂ ಜಾಸ್ತಿ ಆಯ್ತದೆ ಕಣವ್ವ," ಎಂದು ಇಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬ್ಯುರೇಟರ್ ಬಿಚ್ಚುತ್ತ ಮಗಳಿಗೆ ಹೇಳುತ್ತಿದ್ದರು. "ಪೆಟ್ರೋಲ್ ಮಾತ್ರ ಹಳೇ ಲೆಕ್ಕದಲ್ಲೇ ಕೊಟ್ರೆ ಇಂಜಿನ್ನು ಹಸ್ಕೊಂಡು ಕೆಮ್ತದೆ."

ಎಲ್ಲ ಮುಗಿದ ಮೇಲೆ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಅದೇ ಕೈಯಲ್ಲಿ ಹಣೆಯ ಬೆವರು ಒರೆಸಿಕೊಳ್ಳುವುದು. ಬೆಳಿಗ್ಗೆ ಇಟ್ಟ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಮಸಿಯಾಗಿರುತ್ತಿತ್ತು. ನೀಲಮ್ಮ ದಿನಾ ಬೈಯುತ್ತಿದ್ದರು, ಅವರು ದಿನಾ ನಗುತ್ತಿದ್ದರು.

*

"ಕೊಡಪ್ಪ ಅಮರೇಶ, ಹೊತ್ತಾಯ್ತದೆ," ಎಂದರು ಕುಮಾರಸ್ವಾಮಿ. ಬೀಗದ ಕೈ ಅಣ್ಣನ ಜೇಬಿನಿಂದ ಹೊರಬಂತು.

ಸುಷ್ಮಾ ಸ್ಕ್ರೂಡ್ರೈವರ್ ತಂದು ಬಾನೆಟ್ ಎತ್ತಿದಳು. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲು ಹೆಚ್ಚು ಮಾಡಿದಳು. ಸಿಡಿಯುವುದು ನಿಂತಿತು. ಆದರೆ ಗುರುಕಿರಣ ಮೆಲ್ಲಗೆ ಕ್ಲಚ್ ಬಿಟ್ಟದ್ದೇ ತಡ, ಜೀಪು ಕಪ್ಪು ಹೊಗೆ ಕಾರಿ ಮಲಗಿಬಿಟ್ಟಿತು.

"ಸಾಕು ಬಿಡು ಸುಷ್ಮಾ," ಎಂದ ಅಮರೇಶ. "ಜನ ನೋಡ್ತಾವ್ರೆ."

ಇಡೀ ಬೀದಿಯ ಎದುರು, ಅದೂ ಅಪ್ಪನ ಮುಂದೆ ಸೋತೆನಲ್ಲ ಎನ್ನಿಸಿತು ಅವಳಿಗೆ. ಸ್ಕ್ರೂ ಅರ್ಧ ಹಿಂದಕ್ಕೆ ತಿರುಗಿಸಿ, "ಸ್ಟಾರ್ಟ್ ಮಾಡೋ ಕಿರಣ," ಎಂದವಳೇ ಜೀಪಿನ ಹಿಂದೆ ಹೋಗಿ ಕುಕ್ಕುರುಗಾಲಿನಲ್ಲಿ ಕೂತು, ಸೈಲೆನ್ಸರಿಗೆ ಅಂಗೈ ಹಿಡಿದಳು. ಕಣ್ಣು ಮುಚ್ಚಿದಳು.

ಉಸಿರು ಬರುತ್ತಿತ್ತು, ಅದರಲ್ಲಿ ತಳ್ಳುವ ಬಲ ಇರಲಿಲ್ಲ. ಅಗಲ ಬಾಯಲ್ಲಿ ಹರಡಿಹೋಗುತ್ತಿತ್ತು. ಅವಳು ಅಂಗೈಯಿಂದ ಅರ್ಧ ಬಾಯಿ ಮುಚ್ಚಿದಳು. ತಡವರಿಸುತ್ತಿದ್ದ ಇಂಜಿನ್ನು ಒಂದೇ ಸಮಕ್ಕೆ ಬಂತು.

"ಏನ್ ಮಾಡ್ದೆ ಅತ್ತೆ?" ಗುರುಕಿರಣ ತಲೆ ಹೊರಗೆ ಹಾಕಿ ಕೂಗಿದ.

"ನಿನ್ ಪೈಪು ಓಡೋಕೆ ಸರಿ ಕಣೋ, ನಡೆಯೋಕೆ ಬರಲ್ಲ. ಆಫ್ ಮಾಡು."

ಗ್ಯಾರೇಜಿನಿಂದ ಒಂದು ಸಣ್ಣ ಪೈಪಿನ ತುಂಡು ತಂದಳು. ಒದ್ದೆ ಬಟ್ಟೆ ಸುತ್ತಿ ಬಿಸಿ ಬಾಯಿಯೊಳಗೆ ತೂರಿಸಿ, ಕ್ಲಾಂಪು ಬಿಗಿದಳು. ಈ ಸಲ ಕ್ಲಚ್ ಬಿಟ್ಟಾಗ ಜೀಪು ಮುಗ್ಗರಿಸಲಿಲ್ಲ. ಭಜನೆಯವರು ಮತ್ತೆ ತಾಳ ಹಿಡಿದರು. ಗುರುಮಲ್ಲಪ್ಪ ಬೀದಿಯ ಜನರ ಜೊತೆ, ಅವರ ಹೆಜ್ಜೆಗೆ ಸರಿಯಾಗಿ ಹೊರಟರು.

"ನನ್ ಪೈಪಿಂದ ಬೇಜಾರಾಯ್ತಾ ಅತ್ತೆ?" ಜೀಪಿನ ಪಕ್ಕ ನಡೆಯುತ್ತಿದ್ದವಳನ್ನು ಗುರುಕಿರಣ ಮೆಲ್ಲಗೆ ಕೇಳಿದ.

"ಕಾರ್ಯ ಎಲ್ಲ ಕಳೀಲಿ, ಗಾಡಿ ತಗೊಂಡ್ಬಾ. ಆ ಅಗಲ ಪೈಪೇ ಇರ್ಲಿ. ಅದಕ್ಕೆ ತಕ್ಕಂಗೆ ಇಂಜಿನ್ ಸರಿ ಮಾಡ್ಕೊಡ್ತೀನಿ." ಹೇಳಿದ ಮೇಲೆ ಅವಳಿಗೆ ಬೇಕರಿ ನೆನಪಾಯಿತು. ಸೆರಗಿನ ತುದಿಗೆ ಗಂಟು ಹಾಕಿದ್ದ ಬೀಗದ ಕೈ ಬಿಚ್ಚಿ, ಹಿಂದೆ ಬರುತ್ತಿದ್ದ ಅಣ್ಣನತ್ತ ಚಾಚಿದಳು.

ಅಮರೇಶ ಅದನ್ನು ತೆಗೆದುಕೊಳ್ಳಲಿಲ್ಲ. "ನೀನೇ ಮಡಿಕೋ," ಎಂದ. ಸ್ವಲ್ಪ ದೂರ ನಡೆದ ಮೇಲೆ, "ಬೇಕರಿಯೋನಿಗೆ ಆಗಲ್ಲ ಅಂತ ನಾನು ಹೇಳ್ತೀನಿ," ಎಂದ. ಅಪ್ಪ ಹೋದ ಮೇಲೆ ಸುಷ್ಮಾ ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಆಗಲೇ.

ರುದ್ರಭೂಮಿಯಲ್ಲಿ ಅಪ್ಪನನ್ನು ಕುಣಿಯೊಳಗೆ ಕೂರಿಸಿದರು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಮಕ್ಕಳನ್ನು ಕರೆದು, ಕೊನೆಯದಾಗಿ ವಿಭೂತಿ ಹಚ್ಚಿ ಎಂದರು. ಅಮರೇಶ ಹಚ್ಚಿದ ಮೇಲೆ ಸುಷ್ಮಾ ಬಗ್ಗಿದಳು. ಕೈ ತೊಳೆದಿರಲಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಬೆರಳು ಹಣೆ ಮುಟ್ಟಿಯಾಗಿತ್ತು.

"ಅಯ್ಯೋ, ಮಸಿ ಆಯ್ತಲ್ಲೇ," ಎಂದು ನೀಲಮ್ಮ ಮೇಲಿನಿಂದಲೇ ಸೆರಗು ಮುಂದೆ ಮಾಡಿದರು. ಮರುಕ್ಷಣ ಅವರೇ ಕೈ ಹಿಂದೆಗೆದರು. "ಇರ್ಲಿ ಬುಡು," ಎಂದರು, ಅಳುವಿನ ನಡುವೆ ತುಟಿಯಲ್ಲಿ ನಗು ಬಂದು ಹೋಯಿತು. "ಇವತ್ತೊಂದಿನ ಹಣೆ ಬೆಳ್ಳಗಿದ್ದಿದ್ಕೇ ಯಾರೋ ಬೇರೆಯೋರು ಅನ್ನಿಸ್ತಿತ್ತು."

ಎಲ್ಲರೂ ಬಿಲ್ವಪತ್ರೆ ಹಾಕಿದರು, ಮಣ್ಣು ಹಿಡಿದರು. ಗುರುಮಲ್ಲಪ್ಪನವರ ಹಣೆಯ ಮೇಲೆ ಮೂರು ಬಿಳಿಯ ಗೆರೆಗಳಿಗೆ ಅಡ್ಡಲಾಗಿ ಮಗಳ ಬೆರಳಿನ ಕಪ್ಪು ಗುರುತು ಕೊನೆಯವರೆಗೂ ಕಾಣುತ್ತಿತ್ತು.